ಎಂಜಿನ್ ಕೂಗುತ್ತದೆ, ಜೀಪು ಏರುವುದಿಲ್ಲ!

ಗೊಬ್ಬರ ಹೇರಿದ ನಮ್ಮ ಜೀಪು ತೋಟದ ಏರಿನಲ್ಲಿ ಸೋಲತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗು ಮಾತ್ರ ಏರುತ್ತದೆ, ವೇಗ ಏರದು. ‘ಎಂಜಿನ್ ಬಿಚ್ಚಬೇಕು’ ಎಂಬ ಸಲಹೆಯೂ ಬಂತು. ನಾನು ಹೂಂ ಅನ್ನಲಿಲ್ಲ. ಎಂಜಿನ್ನೇ ಸೋತಿದ್ದರೆ ಹೊರೆಯಲ್ಲಿ ಕೂಗು ಇಳಿಯಬೇಕಿತ್ತು. ಕೂಗು ಏರಿಯೂ ಚಕ್ರಕ್ಕೆ ಬಲ ಮುಟ್ಟದಿದ್ದರೆ ಮೊದಲ ಗುಮಾನಿ ಕ್ಲಚ್ಚಿನ ಮೇಲೆ.

ನೀವೇ ಪರೀಕ್ಷಿಸಬಹುದು. ಸಮತಟ್ಟು ಜಾಗವಿರಲಿ, ಎದುರು ಯಾರೂ ಬೇಡ. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕನ್ನೂ ಒತ್ತಿಹಿಡಿದು, ಟಾಪ್ ಗೇರಿನಲ್ಲಿ ಕ್ಲಚ್ಚನ್ನು ಮೆಲ್ಲ ಬಿಡಿ. ಎಂಜಿನ್ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಒಮ್ಮೆ ಸಾಕು, ಮತ್ತೆ ಮತ್ತೆ ಮಾಡಿದರೆ ಪ್ಲೇಟ್ ಸುಡುತ್ತದೆ. ಎಂಜಿನ್ ನಿಂತರೂ ಪೂರ್ತಿ ನಂಬಬೇಡಿ. ಅಲ್ಪಸ್ವಲ್ಪ ಜಾರುವಿಕೆ ಹೊರೆ ಹೇರಿ ಏರು ಹತ್ತುವಾಗಷ್ಟೇ ಗೊತ್ತಾಗುತ್ತದೆ.

ಇನ್ನು ಪೆಡಲನ್ನು ಕೈಯಲ್ಲಿ ಒತ್ತಿ ನೋಡಿ. ಕೇಬಲ್ ಕ್ಲಚ್ಚಾದರೆ ಬಿಗಿಯಾಗುವ ಮೊದಲು ತುಸು ಸಡಿಲ ಇರಬೇಕು. ಎಷ್ಟೆಂಬುದು ಗಾಡಿಯ ಪುಸ್ತಕದಲ್ಲಿದೆ. ಪ್ಲೇಟ್ ಸವೆದಂತೆ ಈ ಸಡಿಲ ಕಡಿಮೆಯಾಗುತ್ತಾ ಬರುತ್ತದೆ. ಸಡಿಲವೇ ಇಲ್ಲವಾದರೆ ಪ್ಲೇಟ್ ಗಟ್ಟಿ ಕಚ್ಚದು. ನಮ್ಮ ಜೀಪಿಗೆ ಕೇಬಲಿನ ನಟ್ಟು ತಿರುಗಿಸಿದ್ದೇ ಮದ್ದಾಯಿತು. ಖರ್ಚು ಸೊನ್ನೆ!

ಸಡಿಲ ಸರಿಯಿದ್ದೂ ಜಾರಿದರೆ? ಪ್ಲೇಟ್ ಪೂರ್ತಿ ಸವೆದಿರಬಹುದು, ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಪ್ಲೇಟಿಗೆ ಆಯಿಲ್ ತಾಗಿರಬಹುದು. ಆಯಿಲ್ ಕಂಡರೆ ಸೋರುವ ಸೀಲನ್ನೂ ಬದಲಿಸಿ. ಇಲ್ಲದಿದ್ದರೆ ಹೊಸ ಪ್ಲೇಟಿನದ್ದೂ ಅದೇ ಪಾಡು.

ಓಡಿಸುವಾಗ ಕಾಲನ್ನು ಕ್ಲಚ್ಚಿನ ಮೇಲೆ ಇಟ್ಟುಕೊಳ್ಳಬೇಡಿ. ಏರಿನಲ್ಲಿ ಗಾಡಿ ನಿಲ್ಲಿಸಲು ಬ್ರೇಕ್ ಇದೆ, ಅರ್ಧ ಕ್ಲಚ್ ಅಲ್ಲ. ರಿಪೇರಿಯಾಗುವ ತನಕ ಹೊರೆ ಹೇರಿ ಏರಿಗೆ ಹೋಗಲೇಬೇಡಿ.