ಮಳೆಯಲ್ಲಿ ಕ್ಯಾಂಪರ್: ಪ್ಲಗ್ಗು ಒಣಗಿರಲಿ, ಅರ್ಥಿಂಗ್ ಗಟ್ಟಿಯಿರಲಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳು ಬೇಸಿಗೆ ರಜೆಯಲ್ಲಿ ಕ್ಯಾಂಪರ್ ಟ್ರೇಲರ್ ಬಾಡಿಗೆಗೆ ಹಿಡಿದು ಮಕ್ಕಳನ್ನು ಕರೆದುಕೊಂಡು ಹೊರಡುವುದುಂಟು. ಯೊಸೆಮಿಟಿ ಉದ್ಯಾನದ ಕ್ಯಾಂಪುಗಳಲ್ಲಿ ಟ್ರೇಲರಿಗೆ ಕರೆಂಟು ಸಿಗುವುದಿಲ್ಲ. ಯೆಲ್ಲೊಸ್ಟೋನಿನ ಫಿಶಿಂಗ್ ಬ್ರಿಜ್‌ನಂಥ ಕಡೆ, ಹಾಗೆಯೇ ಬಹಳಷ್ಟು ಖಾಸಗಿ ಕ್ಯಾಂಪುಗಳಲ್ಲಿ, ನಿಮಗೆ ಕೊಟ್ಟ ಜಾಗದ ಪಕ್ಕದಲ್ಲೇ ಗಿಡ್ಡ ಕಂಬವೊಂದಕ್ಕೆ ಕರೆಂಟಿನ ಪೆಟ್ಟಿಗೆ ಕೂರಿಸಿರುತ್ತಾರೆ. ಅಲ್ಲಿಂದ ಟ್ರೇಲರಿನ ಪಕ್ಕೆಗೆ ದಪ್ಪ ಕೇಬಲ್ ಎಳೆದು ಸಿಕ್ಕಿಸಿದರೆ ಒಳಗೆ ದೀಪ, ಫ್ರಿಜ್, ಹೀಟರ್ ಎಲ್ಲ ನಡೆಯುತ್ತವೆ.

ಮಳೆ ಹಿಡಿದ ಕೂಡಲೇ ಪೋಷಕರ ಕಣ್ಣು ಆ ಕೇಬಲ್ಲಿನ ಮೇಲೆ ಹೋಗುತ್ತದೆ. ಸಿಪ್ಪೆ ಎಲ್ಲೂ ಸೀಳಿರದಿದ್ದರೆ ಕೇಬಲ್ ನೆನೆದರೂ ತೊಂದರೆಯಿಲ್ಲ, ಅದನ್ನು ಹೊರಗೆ ಬಳಸಲೆಂದೇ ಮಾಡಿರುತ್ತಾರೆ. ನೀವು ನೋಡಬೇಕಾದ್ದು ಅದರ ಎರಡು ತುದಿಗಳನ್ನು. ಅದಕ್ಕಿಂತ ಹೆಚ್ಚಾಗಿ, ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಮಗು ಟ್ರೇಲರಿನ ಬಾಗಿಲ ಹಿಡಿಯನ್ನು ಮುಟ್ಟಿದಾಗ ಏನಾಗಬಹುದು ಎಂಬುದನ್ನು.

‘ಇಲ್ಲಿರುವುದು ಬರೀ 120 ವೋಲ್ಟು, ನಮ್ಮೂರಿನ 230ರ ಹಾಗಲ್ಲ’ ಎಂದು ಧೈರ್ಯ ಹೇಳುವವರಿದ್ದಾರೆ. ದಯವಿಟ್ಟು ಅದನ್ನು ನಂಬಬೇಡಿ. ಒಣ ಚರ್ಮ ಕರೆಂಟಿಗೆ 1,00,000 ಓಮ್‌ನಷ್ಟು ಅಡ್ಡಿ ಒಡ್ಡಬಲ್ಲದು. ಅದೇ ಚರ್ಮ ನೆನೆದಾಗ ಅಡ್ಡಿ 1,000 ಓಮ್‌ಗೆ ಇಳಿಯಬಹುದು. ಆಗ 120 ವೋಲ್ಟು ಮೈಯೊಳಗೆ ಹರಿಸುವುದು 120 ಮಿಲಿ ಆಂಪಿಯರ್. ಹೃದಯದ ಬಡಿತ ಕೆಡಲು ಅಷ್ಟು ಸಾಕು.

ಟ್ರೇಲರ್ ನಿಂತಿರುವುದು ರಬ್ಬರ್ ಚಕ್ರಗಳ ಮೇಲೆ. ಅದರ ಲೋಹದ ಮೈಗೆ ಭೂಮಿಯ ಸಂಬಂಧ ಸಿಗುವುದು ಕೇಬಲ್ಲಿನೊಳಗಿನ ಅರ್ಥ್ ವೈರಿನಿಂದ. ಪ್ಲಗ್ಗಿನ ಅರ್ಥ್ ಪಿನ್ನು ಮುರಿದಿದ್ದರೆ, ಕಂಬದ ಸಾಕೆಟ್ಟಿನಲ್ಲಿ ಅದು ಕಿಲುಬು ಹಿಡಿದು ಸಡಿಲವಾಗಿದ್ದರೆ ಆ ಸಂಬಂಧ ತಪ್ಪುತ್ತದೆ. ಆಮೇಲೆ ಒಳಗೆಲ್ಲೋ ಸೋರಿದ ಕರೆಂಟು ಹೋಗಲು ದಾರಿಯಿಲ್ಲದೆ ಇಡೀ ಮೈಗೆ ಹರಡಿ ನಿಲ್ಲುತ್ತದೆ. ಬ್ರೇಕರ್ ಬೀಳುವುದಿಲ್ಲ, ದೀಪಗಳು ಉರಿಯುತ್ತಲೇ ಇರುತ್ತವೆ. ಒಳಗೆ ಕೂತವರಿಗೆ ಏನೂ ಗೊತ್ತಾಗುವುದಿಲ್ಲ. ಕೆಳಗೆ ನಿಂತು ಹಿಡಿ ಮುಟ್ಟಿದವರ ಮೈಯೇ ಕರೆಂಟಿಗೆ ಭೂಮಿಗಿಳಿಯುವ ದಾರಿಯಾಗುತ್ತದೆ. ಕೆರೆಯಲ್ಲಿ ಆಡಿ ಒದ್ದೆ ಮೈಯಲ್ಲಿ ಓಡಿಬರುವುದು ಹೆಚ್ಚಾಗಿ ಮಕ್ಕಳೇ.

ಹಾಗಾಗಿ ಮಗು ‘ಅಮ್ಮಾ, ಬಾಗಿಲು ಜುಮ್ ಅಂತು’ ಅಂದರೆ ಅದನ್ನು ತಮಾಷೆಗೆ ಬಿಡಬೇಡಿ, ಪರೀಕ್ಷಿಸಲೆಂದು ನೀವೂ ಮುಟ್ಟಬೇಡಿ. ಹೊರಗಿರುವವರು ಟ್ರೇಲರಿನಿಂದ ದೂರ ಸರಿಯಲಿ, ಒಳಗಿರುವವರು ಒಳಗೇ ಇರಲಿ. ಒಣಗಿದ ಬೂಟು ಹಾಕಿದ ದೊಡ್ಡವರೊಬ್ಬರು ಕಂಬದ ಬ್ರೇಕರ್ ಆಫ್ ಮಾಡಿ ಕ್ಯಾಂಪಿನ ಕಚೇರಿಗೆ ತಿಳಿಸಬೇಕು. ಕಂಬದ ಬುಡದಲ್ಲಿ ನೀರು ನಿಂತಿದ್ದರೆ ಅದನ್ನೂ ಮಾಡಬೇಡಿ, ಕಚೇರಿಯವರನ್ನೇ ಕರೆಸಿ. ಮುಟ್ಟದೆಯೇ ಕರೆಂಟು ಪತ್ತೆಹಚ್ಚುವ ಪೆನ್ನಿನಂಥ ಟೆಸ್ಟರ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಕೇಬಲ್ ಸಿಕ್ಕಿಸಿದ ಮೇಲೆ, ಮಕ್ಕಳು ಹತ್ತುವ ಮೊದಲು, ಅದನ್ನು ಟ್ರೇಲರಿನ ಮೈಯ ಹತ್ತಿರ ಹಿಡಿದು ನೋಡಿ. ಅದು ಕೂಗಿದರೆ ಯಾರೂ ಹತ್ತಕೂಡದು. ಅರ್ಥಿಂಗ್ ಇಲ್ಲದ ಸಾಕೆಟ್ಟನ್ನು ಗುರುತಿಸಿ ಕರೆಂಟು ತಡೆಹಿಡಿಯುವ ಸಾಧನವೂ ಇದೆ. ಅದನ್ನು ಕಂಬಕ್ಕೂ ಕೇಬಲ್ಲಿಗೂ ನಡುವೆ ಹಾಕುತ್ತಾರೆ. ಬಾಡಿಗೆ ಕೊಡುವವರ ಬಳಿ ಇದ್ದರೆ ಕೇಳಿ ತೆಗೆದುಕೊಳ್ಳಿ.

ಇನ್ನು ಪ್ಲಗ್ಗು. ಮಳೆ ಬಂತೆಂದು ಜೋಡಣೆಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಟೇಪು ಬಿಗಿಯುವುದು ಎಲ್ಲರಿಗೂ ಹೊಳೆಯುವ ಉಪಾಯ. ಇದರಿಂದ ಕೆಡುಕೇ ಹೆಚ್ಚು. ಕರೆಂಟು ಹರಿಯುವಾಗ ಪ್ಲಗ್ಗು ಸ್ವಲ್ಪ ಬಿಸಿಯಾಗುತ್ತದೆ, ರಾತ್ರಿಯ ಚಳಿಗೆ ತಣಿಯುತ್ತದೆ. ಬಿಸಿ ಚಪಾತಿ ತುಂಬಿ ಮುಚ್ಚಿದ ಡಬ್ಬಿಯ ಮುಚ್ಚಳ ಬೆವರಿದಂತೆ ಚೀಲದ ಒಳಗೆ ನೀರು ಕಟ್ಟುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ಮೇಲಿನಿಂದ ಮಳೆ ಬೀಳಬಾರದು, ಕೆಳಗಿನಿಂದ ನೀರು ಇಳಿದುಹೋಗಬೇಕು. ಕಂಬದ ಪೆಟ್ಟಿಗೆಗೆ ಮುಚ್ಚಳವಿರುವುದು ಇದಕ್ಕೇ. ಪ್ಲಗ್ಗನ್ನು ಪೂರ್ತಿ ಒಳಗೆ ಒತ್ತಿ, ಕೇಬಲ್ಲನ್ನು ನೇರ ಕೆಳಕ್ಕೆ ಬಿಟ್ಟು, ಮುಚ್ಚಳ ಹಾಕಿ. ಟ್ರೇಲರಿನ ತುದಿಯಲ್ಲಿ ಕೇಬಲ್ ಮೇಲಿನಿಂದ ಇಳಿಜಾರಾಗಿ ಬರುತ್ತಿದ್ದರೆ ನೀರು ಅದರ ಗುಂಟ ಹರಿದು ಸೀದಾ ಸಾಕೆಟ್ಟಿಗೆ ಸೇರುತ್ತದೆ. ಸಾಕೆಟ್ಟಿಗಿಂತ ಕೆಳಗೆ ಒಂದು ಜೋಲು ಬಿಟ್ಟು ಮೇಲೆತ್ತಿ ಸಿಕ್ಕಿಸಿದರೆ ನೀರು ಆ ಜೋಲಿನಿಂದಲೇ ತೊಟ್ಟಿಕ್ಕಿ ಹೋಗುತ್ತದೆ. ಕಾಸು ಖರ್ಚಿಲ್ಲದ ಕೆಲಸ, ಆದರೂ ಹೆಚ್ಚಿನವರು ಮಾಡುವುದಿಲ್ಲ.

ಎಕ್ಸ್‌ಟೆನ್ಷನ್ ಕೇಬಲ್ ಇಲ್ಲದೆ ಸಾಧ್ಯವಾದರೆ ಅದೇ ಒಳ್ಳೆಯದು. ಬೇಕೇ ಬೇಕಾದರೆ ಅಷ್ಟೇ ದಪ್ಪದ್ದಿರಲಿ. 30 ಆಂಪಿಯರಿಗೆ 10 ಗೇಜಿನ ತಾಮ್ರದ ತಂತಿ ಬೇಕು. ನಡುವಿನ ಜೋಡಣೆ ಹುಲ್ಲಿನ ಮೇಲೆ ಬಿದ್ದಿರಬಾರದು, ಇಟ್ಟಿಗೆಯ ಮೇಲೋ ಮರದ ತುಂಡಿನ ಮೇಲೋ ಎತ್ತಿಡಿ. ಇಂಥ ಜೋಡಣೆಗೆಂದೇ ಮಾಡಿದ ಮಳೆಗವಸಿನ ಡಬ್ಬಿಯೂ ಸಿಗುತ್ತದೆ.

ಮಳೆಯ ದಿನ ಎಲ್ಲರೂ ಒಳಗೆ ಕೂರುತ್ತಾರೆ, ಎಲ್ಲ ಉಪಕರಣಗಳೂ ಒಟ್ಟಿಗೆ ಓಡುತ್ತವೆ. 30 ಆಂಪಿಯರಿನ ಕಂಬ ಕೊಡುವುದು 3,600 ವ್ಯಾಟು. ಹೀಟರಿಗೆ 1,500, ಸಾಂಬಾರು ಕುದಿಸುವ ಇಂಡಕ್ಷನ್ ಒಲೆಗೆ 1,800; ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಪಸೆ ಹಿಡಿದು ಕಪ್ಪಾದ ಪಿನ್ನಿನಲ್ಲಿ ಇಷ್ಟು ಕರೆಂಟು ಹರಿದರೆ ಪ್ಲಗ್ಗು ಕರಗುವ ಮಟ್ಟಕ್ಕೆ ಕಾಯುತ್ತದೆ. ಟ್ರೇಲರ್ ಪಡೆಯುವಾಗಲೇ ಪ್ಲಗ್ಗಿನ ಪಿನ್ನುಗಳನ್ನು ನೋಡಿ. ಹಸಿರು ಕಿಲುಬು, ಸುಟ್ಟ ಕಲೆ, ಮೆತ್ತಗಾದ ಪ್ಲಾಸ್ಟಿಕ್ ಕಂಡರೆ ಬೇರೆ ಕೇಬಲ್ ಕೇಳಿ.

ಕಂಬದಲ್ಲಿ 20 ಆಂಪಿಯರಿನ ಚಿಕ್ಕ ಸಾಕೆಟ್ಟೂ ಇರುತ್ತದೆ. ಅದರಲ್ಲಿ ಜಿಎಫ್‌ಸಿಐ ಎಂಬ ರಕ್ಷಕವಿದೆ. ಸುಮಾರು 5 ಮಿಲಿ ಆಂಪಿಯರ್ ಸೋರಿದರೂ ಕ್ಷಣದಲ್ಲಿ ಕರೆಂಟು ಕಡಿಯುತ್ತದೆ. ಮಳೆ ಬಿದ್ದ ಮೇಲೆ ಅದು ಪದೇಪದೇ ಬೀಳತೊಡಗಿದರೆ ಕೆಲವರು ಬೇಸತ್ತು ದೊಡ್ಡ ಸಾಕೆಟ್ಟಿಗೆ ಬದಲಾಯಿಸಿಕೊಳ್ಳುತ್ತಾರೆ. 30 ಆಂಪಿಯರಿನದಕ್ಕೆ ಸಾಮಾನ್ಯವಾಗಿ ಈ ರಕ್ಷಕ ಇರುವುದಿಲ್ಲ, ಆದ್ದರಿಂದ ಅಲ್ಲಿ ಎಲ್ಲವೂ ಸರಿಹೋದಂತೆ ಕಾಣುತ್ತದೆ. ಸೋರಿಕೆ ಮಾತ್ರ ಇದ್ದಲ್ಲೇ ಇದೆ. ಹೊರಗೆ ಹಾಕಿದ ಬಣ್ಣದ ದೀಪದ ಸರ, ಹುಲ್ಲಿನಲ್ಲಿ ಬಿದ್ದ ತೆಳು ವೈರು, ನೆನೆದ ಸಾಕೆಟ್ಟು, ಇವನ್ನು ಒಂದೊಂದಾಗಿ ತೆಗೆದು ಹುಡುಕಿ. ಸಿಗದಿದ್ದರೆ ಆ ರಾತ್ರಿ ಟಾರ್ಚಿನ ಬೆಳಕಲ್ಲಿ ಕಳೆಯಿರಿ.

ಸಿಕ್ಕಿಸುವಾಗಲೂ ಕೀಳುವಾಗಲೂ ಮೊದಲು ಕಂಬದ ಬ್ರೇಕರ್ ಆಫ್ ಆಗಬೇಕು. ಕೈ ಒರೆಸಿಕೊಂಡು, ಪ್ಲಗ್ಗಿನ ಮೈ ಹಿಡಿದು ಎಳೆಯಿರಿ, ಕೇಬಲ್ ಹಿಡಿದು ಜಗ್ಗಬೇಡಿ. ಈ ಕೆಲಸ ದೊಡ್ಡವರದ್ದು. ಹದಿಹರೆಯದ ಮಗ ತಾನೇ ಮಾಡುತ್ತೇನೆಂದು ಹಟ ಹಿಡಿದರೂ ಮಳೆಯಲ್ಲಿ ಬೇಡ. ಯಾರಿಗಾದರೂ ಶಾಕ್ ಹೊಡೆದು ಕೈ ಅಂಟಿಕೊಂಡಿದ್ದರೆ ಅವರನ್ನು ಹಿಡಿದೆಳೆಯದೆ ಮೊದಲು ಬ್ರೇಕರ್ ಆಫ್ ಮಾಡಿ, 911ಕ್ಕೆ ಕರೆಮಾಡಿ.

ಗುಡುಗಿನ ಮುನ್ಸೂಚನೆಯಿದ್ದರೆ ಅದು ಹತ್ತಿರವಾಗುವ ಮೊದಲೇ ಕೇಬಲ್ ಕಿತ್ತಿಡಿ. ಗುಡುಗು ಕೇಳಿಸತೊಡಗಿದ ಮೇಲೆ ಅದಕ್ಕಾಗಿ ಹೊರಗೆ ಹೋಗಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ ಹೊರಬಂದು, ಎರಡೂ ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿ, ಮತ್ತೆ ಸಿಕ್ಕಿಸಬಹುದು.