ಗಣಕಯಂತ್ರದ ಡೀಫಾಲ್ಟ್ ಸೆಟ್ಟಿಂಗ್‌ಗಳು ಮತ್ತು ವರ್ತಕರ ಲೆಕ್ಕಪತ್ರ

ವಿಜಯಪುರ ನಗರದ ಅಂಗಡಿಗಳಲ್ಲಿಯೂ ತಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿ ವ್ಯವಹಾರದಲ್ಲಿಯೂ ಪತ್ರ ಮತ್ತು ಲೆಕ್ಕದ ಕೆಲಸವು ಇಂದು ಬಹುಮಟ್ಟಿಗೆ ಗಣಕಯಂತ್ರದಲ್ಲಿಯೇ ನಡೆಯುತ್ತದೆ. ಹೊಸ ಗುಮಾಸ್ತನು ಟೈಪ್ ಮಾಡಿದ್ದು ಒಂದು, ಪರದೆಯ ಮೇಲೆ ಉಳಿದದ್ದು ಮತ್ತೊಂದು ಆದಾಗ ಆತನು ತನ್ನ ಕೈಯೇ ತಪ್ಪಿತೆಂದು ಭಾವಿಸುವನು. ಮಾಲೀಕರೂ ಆತನನ್ನೇ ಗದರುವರು. ಅನೇಕ ವೇಳೆ ದೋಷವಿರುವುದು ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ, ಅಂದರೆ ಬಳಸುವವನು ಏನನ್ನೂ ಆರಿಸದಿದ್ದಾಗ ತಂತ್ರಾಂಶವು ತಾನಾಗಿಯೇ ಅನುಸರಿಸುವ ಕ್ರಮದಲ್ಲಿ.

ನೋಟ್‌ಪ್ಯಾಡ್ ಇದಕ್ಕೆ ಹಳೆಯ ನಿದರ್ಶನ. 2019ರ ವಿಂಡೋಸ್ 10 ಪರಿಷ್ಕರಣೆಗೆ ಮುಂಚೆ ಅದು ಕಡತವನ್ನು 'ಆನ್ಸಿ' ಕ್ರಮದಲ್ಲಿ ಉಳಿಸುತ್ತಿತ್ತು. ಆ ಕ್ರಮದಲ್ಲಿ ಕನ್ನಡ ಲಿಪಿಗೆ ಸ್ಥಾನವಿಲ್ಲ. ಯುನಿಕೋಡ್‌ನಲ್ಲಿ ಬರೆದ ರೈತರ ಹೆಸರಿನ ಪಟ್ಟಿಯನ್ನು ಉಳಿಸುವಾಗ ಎಚ್ಚರಿಕೆ ಬರುತ್ತಿತ್ತು, ನಿಜ. ಆದರೆ ಅದು ಇಂಗ್ಲಿಷಿನಲ್ಲಿ. ಅರ್ಥವಾಗದವನು 'ಓಕೆ' ಒತ್ತಿದರೆ, ಮತ್ತೆ ತೆರೆದಾಗ ಕಾಣುವುದು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾತ್ರ. ಹಳೆಯ ಯಂತ್ರವುಳ್ಳವರು 'ಸೇವ್ ಆ್ಯಸ್' ಕಿಟಕಿಯಲ್ಲಿ 'ಯುಟಿಎಫ್-8' ಆರಿಸತಕ್ಕದ್ದು.

ವರ್ಡ್ ತಂತ್ರಾಂಶದ ಉಪಕಾರವು ಬೇರೆ ಬಗೆಯದು. ಜಿ.ಎಸ್.ಟಿ. ನೋಟಿಸಿಗೆ ಉತ್ತರ ಬರೆಯುವಾಗ ಹೂಡುವಳಿ ತೆರಿಗೆ ಜಮೆಗೆ ಸಂಬಂಧಿಸಿದ ಕಲಂ 16(2)(ಸಿ)ಯನ್ನು ಇಂಗ್ಲಿಷ್ ಅಕ್ಷರದಲ್ಲಿ ನಮೂದಿಸಿದರೆ, ಕೊನೆಯ ಆವರಣವು ಕೃತಿಸ್ವಾಮ್ಯದ © ಚಿಹ್ನೆಯಾಗಿಬಿಡುತ್ತದೆ! ತಕ್ಷಣ ಕಂಟ್ರೋಲ್-ಝಡ್ ಒತ್ತಿದರೆ ಮೂಲರೂಪ ಮರಳುವುದು. 'ಆಟೋ ಕರೆಕ್ಟ್' ಪಟ್ಟಿಯಿಂದ ಆ ನಮೂದನ್ನು ತೆಗೆದುಹಾಕುವುದೇ ಶಾಶ್ವತ ಪರಿಹಾರ.

ಹಣದ ನಷ್ಟಕ್ಕೆ ದಾರಿಯಾಗಬಲ್ಲದ್ದು ಎಕ್ಸೆಲ್. ಒಣದ್ರಾಕ್ಷಿಯ ಎಚ್.ಎಸ್.ಎನ್. ಶೀರ್ಷಿಕೆ 0806. ಎಕ್ಸೆಲ್ ಇದನ್ನು ಸಂಖ್ಯೆಯೆಂದೇ ಎಣಿಸಿ ಮುಂದಿನ ಸೊನ್ನೆಯನ್ನು ಅಳಿಸಿ 806 ಮಾಡುತ್ತದೆ. ಇದಾದರೂ ಕಣ್ಣಿಗೆ ಬೀಳುತ್ತದೆ. ಬ್ಯಾಂಕ್ ಖಾತೆ ಸಂಖ್ಯೆಯ ವಿಷಯ ಹಾಗಲ್ಲ. ಎಕ್ಸೆಲ್ 15 ಅಂಕಿಗಳನ್ನಷ್ಟೇ ನಿಖರವಾಗಿ ಇಟ್ಟುಕೊಳ್ಳುವುದರಿಂದ, 16 ಅಂಕಿಗಳ ಖಾತೆಯ ಕೊನೆಯ ಅಂಕಿ ಯಾವುದೇ ಇದ್ದರೂ ಸೊನ್ನೆಯಾಗುತ್ತದೆ. ಅನಂತರ ಕಾಲಂನ ಸ್ವರೂಪ ಬದಲಿಸಿದರೆ ಕಳೆದ ಅಂಕಿ ಮರಳದು. ನೆಫ್ಟ್ ಪಾವತಿಯಲ್ಲಿ ಹಣ ಜಮೆಯಾಗುವುದು ಹೆಸರನ್ನು ನೋಡಿ ಅಲ್ಲ, ಖಾತೆ ಸಂಖ್ಯೆಯನ್ನು ಆಧರಿಸಿ. ಹತ್ತಾರು ಬೆಳೆಗಾರರಿಗೆ ಒಂದೇ ಪಟ್ಟಿಯಿಂದ ಹಣ ಕಳುಹಿಸುವ ದಲಾಲರು ಇದನ್ನು ವಿಶೇಷವಾಗಿ ಗಮನಿಸಬೇಕು.

ಆದ್ದರಿಂದ ಸಂಖ್ಯೆ ತುಂಬುವ ಮೊದಲೇ ಆ ಕಾಲಮನ್ನು 'ಟೆಕ್ಸ್ಟ್' ಎಂದು ಗೊತ್ತುಪಡಿಸಬೇಕು. 2023ರ ನಂತರದ ಮೈಕ್ರೋಸಾಫ್ಟ್ 365 ಆವೃತ್ತಿಯಲ್ಲಿ 'ಆಪ್ಷನ್ಸ್' ಒಳಗಿನ 'ಡೇಟಾ' ವಿಭಾಗದಲ್ಲಿ ಇಂಥ ಸ್ವಯಂಪರಿವರ್ತನೆಯನ್ನು ನಿಲ್ಲಿಸುವ ಸೌಲಭ್ಯವಿದೆ. ಸಿ.ಎಸ್.ವಿ. ಕಡತವು ಕಾಲಂನ ಸ್ವರೂಪವನ್ನು ನೆನಪಿಡುವುದಿಲ್ಲ. ಅದನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಸೊನ್ನೆ ಮತ್ತೆ ಮಾಯವಾಗುವುದು. ಬ್ಯಾಂಕಿಗೆ ಕಳುಹಿಸುವ ಮುನ್ನ ಅಂಥ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಪಾಸ್‌ಬುಕ್ಕಿನ ಪ್ರತಿಯೊಡನೆ ಅಂಕಿಗಳನ್ನು ತಾಳೆ ನೋಡತಕ್ಕದ್ದು.