ಜಾವಾನೋ, ರೋಡ್‌ಕಿಂಗೋ? ಕೊಳ್ಳುವ ಮುನ್ನ ಏಳು ಸೂತ್ರ

ಹೂವಿನಹಡಗಲಿ ಕಡೆ ಹಳೇ ಬೈಕಿನ ಮಾತು ಬಂದರೆ ವಾದ ಇವೆರಡರ ನಡುವೆಯೇ. ಎರಡೂ ಮೈಸೂರಿನ ಯಾದವಗಿರಿಯ ಮಕ್ಕಳು. ಆದರೆ ಗುಣ ಬೇರೆ, ಬೆಲೆ ಕಟ್ಟುವ ಲೆಕ್ಕವೂ ಬೇರೆ.

1. ಕುಲಗೋತ್ರ ತಿಳಿಯಿರಿ. ಯಾನೆಚೆಕ್ ಎಂಬ ಝೆಕ್ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿನ್ಯಾಸ ಕೊಂಡ. ರೋಮನ್ ಲಿಪಿಯಲ್ಲಿ ಎರಡು ಹೆಸರುಗಳ ತಲೆ (Ja, Wa) ಸೇರಿ 'ಜಾವಾ' ಆಯಿತು. ಮೈಸೂರಿನ ಐಡಿಯಲ್ ಜಾವಾ 1961ರಲ್ಲಿ ತಯಾರಿಕೆ ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿಯಾಯಿತು, 1978ರಲ್ಲಿ ಅದೇ ಹೆಸರಿನಡಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

2. ಓಡಿಸೋಕೋ, ಇಟ್ಟುಕೊಳ್ಳೋಕೋ? ಇದು ಮೊದಲು ತೀರ್ಮಾನವಾಗಲಿ. ಎರಡೂ 250 ಸಿಸಿ ಟೂ-ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಜಾವಾದ್ದು ಸುಮಾರು 12 ಅಶ್ವಶಕ್ತಿ, ರೋಡ್‌ಕಿಂಗ್‌ದು 16. ಹೊಸಪೇಟೆ ದಾರಿಯಲ್ಲಿ ಲಾರಿ ದಾಟಬೇಕೆಂದರೆ ಆ ನಾಲ್ಕರ ಬೆಲೆ ಗೊತ್ತಾಗುತ್ತದೆ. ಬ್ರೇಕ್ ಮಾತ್ರ ಎರಡರಲ್ಲೂ ಡ್ರಮ್. ಓಟ ನೋಡಿ ನಿಲುಗಡೆ ಮರೆಯಬೇಡಿ.

3. 'ಸದ್ದಲೇ' ಅನ್ನಿ. ಮೈಲಾರದಲ್ಲಿ ಬಿಲ್ಲೇರಿದ ಗೊರವಪ್ಪ 'ಸದ್ದಲೇ' ಎಂದರೆ ಇಡೀ ಜಾತ್ರೆ ಬಾಯಿ ಮುಚ್ಚುತ್ತದೆ, ಆಮೇಲೆ ಕಾರಣಿಕ, ಅಂದರೆ ಭವಿಷ್ಯವಾಣಿ. ಗಾಡಿ ಕಿಕ್ ಹೊಡೆದಾಗಲೂ ಅಷ್ಟೇ: ಮಾರುವವನ ಮಾತು ನಿಲ್ಲಿಸಿ, ಎಂಜಿನ್ನಿನದು ಕೇಳಿ. ಲಯ ತಪ್ಪದ ಡುಗುಡುಗು ಸರಿ. ಒಳಗಿನ ಕಟಕಟ ಖರ್ಚಿನ ಕಾರಣಿಕ.

4. ಕಾಗದವೇ ಅರ್ಧ ಗಾಡಿ. ಎಂಜಿನ್ ಮತ್ತು ಚಾಸಿ ಸಂಖ್ಯೆ ಆರ್‌ಸಿಗೆ ತಾಳೆಯಾಗಲಿ. ಕಾಗದವಿಲ್ಲದ ಚೆಂದದ ಗಾಡಿಗಿಂತ ಕಾಗದವಿರುವ ತುಕ್ಕಿನ ಗಾಡಿ ಲೇಸು.

5. ಐವತ್ತರ ಲೆಕ್ಕ ಹಾಕಿ. 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ 'ವಿಎ' ಸರಣಿಯ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಆ ನಂಬರಿನಲ್ಲಿ ದಿನವೂ ಓಡಿಸುವಂತಿಲ್ಲ. ಅರವತ್ತರ ದಶಕದ ಜಾವಾ ಈ ಗೆರೆ ದಾಟಿಯಾಗಿದೆ. ಮೊದಲ ರೋಡ್‌ಕಿಂಗ್‌ಗಳ ಸರದಿ 2028ಕ್ಕೆ.

6. ಹೊಳಪಿಗೆ ಮರುಳಾಗಬೇಡಿ. ಹೊಸ ಬಣ್ಣ ಯಾರಾದರೂ ಬಳಿಯುತ್ತಾರೆ. ಹುಟ್ಟಿನಿಂದ ಬಂದ ಟ್ಯಾಂಕು, ಸ್ಪೀಡೋಮೀಟರು, ಸೈಲೆನ್ಸರು ಹೋದರೆ ಅದೇ ಮತ್ತೆ ಬರದು. ಸಂಗ್ರಹಕಾರ ದುಡ್ಡು ಸುರಿಯುವುದು ಇವಕ್ಕೇ.

7. ಗಾಡಿಯನ್ನು ದೇವರ ಕೋಣೆಗೆ ಹಾಕಬೇಡಿ. ಲೀಟರ್ ಪೆಟ್ರೋಲಿಗೆ ಸುಮಾರು 40 ಮಿಲಿ ಟೂ-ಸ್ಟ್ರೋಕ್ ಆಯಿಲ್ ಬೆರೆಸಿ ಆಗಾಗ ಓಡಿಸಿ. ನಿಂತ ಗಾಡಿಗೆ ಮೊದಲು ಟ್ಯಾಂಕಿನಲ್ಲಿ ತುಕ್ಕು, ಆಮೇಲೆ ಕಾರ್ಬುರೇಟರಿನಲ್ಲಿ ಕಸ.

ಕೊನೆಗೆ ಯಾವುದು? ಇಂದೇ ಕಾಪಿಡುವವರಿಗೆ ಜಾವಾ. ಓಡಿಸುತ್ತಾ ಕಾಯುವವರಿಗೆ ರೋಡ್‌ಕಿಂಗ್. ಹಡಗಲಿ ಮಲ್ಲಿಗೆ ಒಂದು ರಾತ್ರಿಯಲ್ಲಿ ಅರಳುತ್ತದೆ. ರೋಡ್‌ಕಿಂಗ್ ಎಂಬ ಈ ಮೊಗ್ಗಿಗೆ ಐವತ್ತು ವರ್ಷ ಬೇಕು.